ಅವರನ್ನೆಲ್ಲ ಹೊರಗೆ ಬಿಟ್ಟುಕೊಂಡು ನಿಮಗೆ ಭಯ ಆಗಲ್ವಾ?

ಈ ಪ್ರಶ್ನೆ ನನಗೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ಯುಗಾದಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ ಕೇಳುತ್ತಾರೆ. ಅರಸೀಕೆರೆಗೆ ಹೋದಾಗ ಚಿಕ್ಕಮ್ಮ ಕೇಳುತ್ತಾರೆ. "ಕಳ್ಳತನ ಮಾಡಿದೋರು, ಹೊಡೆದಾಡಿದೋರು, ಡ್ರಗ್ಸ್ ತಗೊಳ್ಳೋರು. ಜೈಲಲ್ಲಿ ಇರಬೇಕಾದವರನ್ನ ಹೊರಗೆ ಬಿಟ್ಕೊಂಡು ನೋಡ್ಕೋತೀಯಂತೆ. ಭಯ ಆಗಲ್ವಾ ನಿನಗೆ?" ಅಂತ. ಎಲೆ ಮುಂದೆ ಕೂತು ಎರಡು ಮಾತಿನಲ್ಲಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಪ್ರೊಬೇಷನ್ ಇಲಾಖೆಯನ್ನು ನಡೆಸುತ್ತೇನೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಈ ರಾಜ್ಯದಲ್ಲಿ ಅಂಥವು 58 ಇವೆ. ಊರಲ್ಲಿ ಪ್ರೊಬೇಷನ್ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಕೆಲಸ ಪರ್ಮನೆಂಟ್ ಆಗುವ ಮುಂಚಿನ ದಿನಗಳು. ಇಲ್ಲಿಯ ಅರ್ಥವೂ ಅದಕ್ಕೆ ತೀರಾ ದೂರವಿಲ್ಲ. ತಪ್ಪು ಸಾಬೀತಾದ ಮೇಲೆ ಜಡ್ಜ್, "ನಿನ್ನನ್ನು ರಾಜ್ಯದ ಸೆರೆಮನೆಗೆ ಕಳಿಸುವುದಿಲ್ಲ. ಇಂಥಿಂಥ ಷರತ್ತಿನ ಮೇಲೆ ಊರಲ್ಲೇ ಇದ್ದು, ಸರಿಯಾಗಿ ನಡೆದು ತೋರಿಸು" ಎನ್ನುತ್ತಾರೆ. ತೋರಿಸುತ್ತಾನೋ ಇಲ್ಲವೋ ನೋಡುವುದು, ತೋರಿಸುವುದಕ್ಕೆ ದಾರಿ ಮಾಡಿಕೊಡುವುದು ನಮ್ಮ ಕೆಲಸ. ಪೆರೋಲ್ ಬೇರೆ. ನಮ್ಮ ಕಡೆ ಪೆರೋಲ್ ಅಂದರೆ ಮನೆಯ ಮದುವೆಗೋ ಸಾವಿಗೋ ಜೈಲಿನಿಂದ ಸಿಗುವ ಕೆಲವು ದಿನದ ಬಿಡುವು. ಇಲ್ಲಿ ಅದು ಸೆರೆಮನೆಯಿಂದ ಹೊರಬಂದ ಮೇಲಿನ ನಿಗಾ. ಅದು ರಾಜ್ಯದ ಕೆಲಸವಾಗಿತ್ತು. 2011ರ ಅಕ್ಟೋಬರ್‌ನಿಂದ ಅದರಲ್ಲೂ ಒಂದು ದೊಡ್ಡ ಪಾಲು ಕೌಂಟಿಗಳ ಹೆಗಲಿಗೆ ಬಂತು. ಸೆರೆಮನೆಗಳು ತುಂಬಿ ತುಳುಕುತ್ತಿವೆ, ಜನರನ್ನು ಕಡಿಮೆ ಮಾಡಿ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತ್ತು.

ಹಾಗಾಗಿ ಮೊದಲ ಮಾತು, ಬಿಡುವುದು ನಾನಲ್ಲ. ಬಿಟ್ಟ ಮೇಲಿನದು ನನ್ನದು. ಇನ್ನೊಂದು ಮಾತು, ಸೆರೆಮನೆಗೆ ಹೋದವರಲ್ಲೂ ಹೆಚ್ಚಿನವರು ಒಂದು ದಿನ ಹೊರಗೆ ಬಂದೇ ಬರುತ್ತಾರೆ. ನಮ್ಮ ನಿಮ್ಮ ಬೀದಿಗೇ ಬರುತ್ತಾರೆ.

ಈ ಕೆಲಸ ಶುರು ಮಾಡಿದವರು ಪೊಲೀಸರೂ ಅಲ್ಲ, ವಕೀಲರೂ ಅಲ್ಲ. ಬಾಸ್ಟನ್ನಿನಲ್ಲಿ ಬೂಟು ಮಾಡುತ್ತಿದ್ದ ಜಾನ್ ಆಗಸ್ಟಸ್. 1841ರಲ್ಲಿ ಒಂದು ಬೆಳಿಗ್ಗೆ ಅವರು ಕೋರ್ಟಿನಲ್ಲಿದ್ದರು. ಕುಡುಕ ಅಂತ ಒಬ್ಬನನ್ನು ಹಿಡಿದು ತಂದಿದ್ದರು. ಆಗಸ್ಟಸ್ ಅವನ ಹತ್ತಿರ ಮಾತಾಡಿದರು, ಆಮೇಲೆ ಜಾಮೀನು ನಿಂತರು. ಮೂರು ವಾರ ಬಿಟ್ಟು ಅವನನ್ನು ಕೋರ್ಟಿಗೆ ಕರೆತಂದಾಗ ಇವನೇ ಅವನು ಅಂತ ನಂಬುವ ಹಾಗಿರಲಿಲ್ಲ. ಜಡ್ಜ್ ಹಾಕಿದ ದಂಡ ಒಂದು ಸೆಂಟ್, ಜೊತೆಗೆ ಕೋರ್ಟಿನ ಖರ್ಚು. 1859ರಲ್ಲಿ ತೀರಿಕೊಳ್ಳುವ ತನಕ ಆಗಸ್ಟಸ್ 1,900ಕ್ಕೂ ಹೆಚ್ಚು ಜನಕ್ಕೆ ಹೀಗೆ ಜಾಮೀನು ನಿಂತರು. ಮ್ಯಾಸಚೂಸೆಟ್ಸ್ ರಾಜ್ಯ ಇದಕ್ಕೊಂದು ಕಾನೂನು ಮಾಡಿದ್ದು 1878ರಲ್ಲಿ. ಅವರು ಕಣ್ಣು ಮುಚ್ಚಿ ಎಲ್ಲರಿಗೂ ನಿಲ್ಲಲಿಲ್ಲ. ಹಿಂದೆ ಹೇಗಿದ್ದ, ವಯಸ್ಸೆಷ್ಟು, ಮುಂದೆ ಯಾರ ಸಹವಾಸಕ್ಕೆ ಬೀಳಬಹುದು ಅಂತ ವಿಚಾರಿಸುತ್ತಿದ್ದರು. ಶಿಕ್ಷೆಗೆ ಮುಂಚೆ ನಾವು ಜಡ್ಜ್‌ಗೆ ಕೊಡುವ ವರದಿಯಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಇವೇ ಇರುತ್ತವೆ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದು, 20 ವರ್ಷದ ಹಿಂದಿನ ಮಾತು. ನನ್ನ ಲಿಸ್ಟಿನಲ್ಲಿ 23ರ ಒಬ್ಬ ಹುಡುಗ ಇದ್ದ. ಬಾದಾಮಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಬಂದು ಸಹಿ ಹಾಕಬೇಕಿತ್ತು. ಮೂರು ಸಲ ಬರಲಿಲ್ಲ. ನಾನು ಷರತ್ತು ಮುರಿದಿದ್ದಾನೆ ಅಂತ ಬರೆದು ಕೋರ್ಟಿಗೆ ಕಳಿಸಿದೆ. ವಾರಂಟ್ ಆಯಿತು. ಅವನನ್ನು ಕಾರ್ಖಾನೆಯ ಗೇಟಿನಲ್ಲೇ ಹಿಡಿದರು. 16 ತಿಂಗಳು ಸೆರೆಮನೆ.

ಮಾರನೇ ವಾರ ಅವನ ತಾಯಿ ನಮ್ಮ ಕೌಂಟರಿಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಬಸ್ ಟಿಕೆಟುಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೂರು ಟಿಕೆಟು ಬೇರೆ ಮಾಡಿ ಗಾಜಿನ ಕೆಳಗಿನಿಂದ ನನ್ನ ಕಡೆ ತಳ್ಳಿದರು. ಅವನು ತಪ್ಪಿಸಿದ್ದ ಅದೇ ಮೂರು ದಿನದವು. ಮೂರರಲ್ಲೂ ಸಮಯ ಒಂಬತ್ತು ದಾಟಿತ್ತು. ಆ ರೂಟಿನಲ್ಲಿ ಬಸ್ಸು ಗಂಟೆಗೆ ಒಂದೇ. ಪಾಳಿ ಮುಗಿಸಿ ಓಡಿ ಬಂದು ಬಸ್ಸು ಹತ್ತಿದ್ದ. ತಡವಾಗಿ ಬಂದವರನ್ನು ಆಗ ನಮ್ಮ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು. ಅವನು ಬಂದಿದ್ದ. ನಾನು ಕೇಳಿರಲಿಲ್ಲ.

ಆ ತಪ್ಪು ಮಾಡುವುದು ಎಷ್ಟು ಸುಲಭವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಆಗ ಒಬ್ಬ ಮನುಷ್ಯನನ್ನು ಊರಲ್ಲಿ ಇಟ್ಟುಕೊಂಡರೆ ಖರ್ಚು ಕೌಂಟಿಯದು. ರಾಜ್ಯದ ಸೆರೆಮನೆಗೆ ಕಳಿಸಿದರೆ ಖರ್ಚು ರಾಜ್ಯದ್ದು. ಕಳಿಸಿದರೆ ನಮ್ಮ ಲಿಸ್ಟಿನಲ್ಲಿ ಒಂದು ಹೆಸರು ಕಡಿಮೆ, ನಮ್ಮ ಜೇಬಿಗೆ ಒಂದು ಕಾಸೂ ಹೊರೆಯಿಲ್ಲ. ಯಾರೂ ಕೆಟ್ಟವರಾಗಬೇಕಿರಲಿಲ್ಲ, ವ್ಯವಸ್ಥೆಯೇ ಕೈ ಹಿಡಿದು ಆ ಕಡೆ ಎಳೆಯುತ್ತಿತ್ತು. 2009ರಲ್ಲಿ ಎಸ್‌ಬಿ 678 ಅನ್ನುವ ಕಾನೂನು ಬಂತು. ಪ್ರೊಬೇಷನ್‌ನಲ್ಲಿ ಸೋತು ಸೆರೆಮನೆಗೆ ಹೋಗುವವರು ಕಡಿಮೆಯಾದರೆ, ರಾಜ್ಯಕ್ಕೆ ಉಳಿದ ಹಣದಲ್ಲಿ ಒಂದು ಪಾಲು ಕೌಂಟಿಗೆ ಬರುತ್ತದೆ. ಅದರಲ್ಲಿ ನಾವು ಆಫೀಸರ್‌ಗಳನ್ನು ತಗೊಂಡೆವು, ಚಟ ಬಿಡಿಸುವ ಚಿಕಿತ್ಸೆಗೆ ಜಾಗ ಮಾಡಿದೆವು. ನನ್ನ ಅನುಭವದಲ್ಲಿ ಈ ಕೆಲಸವನ್ನು ಇಷ್ಟು ಬದಲಾಯಿಸಿದ ಕಾನೂನು ಇನ್ನೊಂದಿಲ್ಲ.

ಮುಖ್ಯಸ್ಥರ ಕುರ್ಚಿಯಲ್ಲಿ ಕೂತ ಮೇಲೆ ನಾನು ಮಾಡುವ ದೊಡ್ಡ ತೀರ್ಮಾನ ಯಾರನ್ನು ಹಿಡಿಯಬೇಕು ಅನ್ನುವುದಲ್ಲ. ಯಾರನ್ನು ಅವರ ಪಾಡಿಗೆ ಬಿಡಬೇಕು ಅನ್ನುವುದು. ಕೇಳುವುದಕ್ಕೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕೆನಡಾದ ಡೊನಾಲ್ಡ್ ಆಂಡ್ರ್ಯೂಸ್, ಜೇಮ್ಸ್ ಬೊಂಟಾ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1990ರ ಹೊತ್ತಿಗೇ ಇದನ್ನು ಬಿಡಿಸಿ ಹೇಳಿದ್ದರು. ಮತ್ತೆ ತಪ್ಪು ಮಾಡುವ ಸಾಧ್ಯತೆ ಜಾಸ್ತಿ ಇರುವವರ ಮೇಲೆ ಗಮನವೂ ಜಾಸ್ತಿ ಇರಬೇಕು. ಕಡಿಮೆ ಇರುವವರನ್ನು ವಾರವಾರ ಕರೆಸಿ, ಕ್ಲಾಸಿಗೆ ಕೂರಿಸಿ, ಮೂತ್ರ ಪರೀಕ್ಷೆ ಮಾಡಿಸುತ್ತಿದ್ದರೆ ಅವರು ಕೆಡುವುದೇ ಹೆಚ್ಚು. ಕೆಲಸ ಹೋಗುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಡುವುದಕ್ಕೆ ಆಗುವುದಿಲ್ಲ. ನಮ್ಮ ವರಾಂಡದ ಬೆಂಚಿನಲ್ಲೇ ಕೆಟ್ಟ ಸಹವಾಸ ಸಿಗುತ್ತದೆ.

ಇದನ್ನು ಓದುವುದು ಸುಲಭ, ಜಾರಿಗೆ ತರುವುದು ಕಷ್ಟ. ನಮ್ಮ ಒಬ್ಬ ಹಳೆಯ ಆಫೀಸರ್ ಫೈಲು ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದರು. "ಚೀಫ್, ಇವಳು ಅಂಗಡಿಯಲ್ಲಿ ಕದ್ದಿದ್ದಾಳೆ. ತಿಂಗಳಿಗೊಂದು ಫೋನ್ ಮಾಡಿಸಿಕೊಂಡು ಸುಮ್ನೆ ಇರಬೇಕಾ?" ಹೌದು ಅಂದೆ. ಅವರು ಒಪ್ಪಲಿಲ್ಲ. ಎರಡು ಗಂಟೆ ಕೂತು ಮಾತಾಡಿದೆವು. ಅವರ ಹತ್ತಿರ ಒಂದು ವಾರಕ್ಕೆ ಇರುವುದು 40 ಗಂಟೆ. ಆ ಹೆಂಗಸಿಗೆ ಕೊಟ್ಟ ಒಂದು ಗಂಟೆಯನ್ನು, ಹೆಂಡತಿಗೆ ಹೊಡೆದು ಬಂದಿರುವ ಇನ್ನೊಬ್ಬನ ಫೈಲಿನಿಂದ ಕಿತ್ತು ಕೊಡುತ್ತಿದ್ದಾರೆ. ಆ ಲೆಕ್ಕ ಅವರಿಗೆ ಹಿಡಿಸಿತು. ಈಗ ಹೊಸಬರಿಗೆ ತರಬೇತಿ ಕೊಡುವವರು ಅವರೇ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲೆಲ್ಲ ನಿಗಾ ಇಟ್ಟಿದ್ದಕ್ಕೆ ಅವರಿಂದಲೇ ಶುಲ್ಕ ತಗೊಳ್ಳುತ್ತಿದ್ದೆವು. ಕೆಲಸವಿಲ್ಲದವನ ಜೊತೆ ಮೊದಲ ಮಾತೇ ಬಾಕಿ ಎಷ್ಟು ಅಂತ ಆದರೆ ಅವನು ಎರಡನೇ ಸಲ ಯಾಕೆ ಬರುತ್ತಾನೆ? ನಿಜವಾಗಿ ಕಟ್ಟಲಾರದವನನ್ನು ಅದೊಂದೇ ಕಾರಣಕ್ಕೆ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು. ಆದರೂ ಆ ಬಾಕಿ ಪಟ್ಟಿ ಮೇಜಿನ ಮೇಲೆ ಇದ್ದೇ ಇತ್ತು. 2021ರ ಜುಲೈ 1ರಿಂದ ರಾಜ್ಯ ಆ ಶುಲ್ಕವನ್ನೇ ತೆಗೆದುಹಾಕಿತು. ನಮ್ಮ ಬಜೆಟ್ಟಿಗೆ ಪೆಟ್ಟು ಬಿತ್ತು, ನಾನಂತೂ ಸಂತೋಷಪಟ್ಟೆ.

ಜುವೆನೈಲ್ ಹಾಲ್, ಅಂದರೆ ಹದಿಹರೆಯದ ಮಕ್ಕಳನ್ನು ಇಡುವ ಜಾಗ, ಅದೂ ನಮ್ಮದೇ ಜವಾಬ್ದಾರಿ. ರಾಜ್ಯ ನಡೆಸುತ್ತಿದ್ದ ಬಾಲಾಪರಾಧಿಗಳ ಸೆರೆಮನೆಗಳು 2023ರ ಜೂನ್ 30ಕ್ಕೆ ಮುಚ್ಚಿದವು. ಗಂಭೀರ ಅಪರಾಧದ ಮಕ್ಕಳೂ ಈಗ ಕೌಂಟಿಯಲ್ಲೇ ಇರುತ್ತಾರೆ. ಅಲ್ಲಿಯ ಕಥೆ ಇನ್ನೊಂದು ದಿನಕ್ಕೆ ಇರಲಿ.

ಭಯದ ಮಾತಿಗೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ನಮ್ಮ ನಿಗಾದಲ್ಲಿದ್ದ ಒಬ್ಬ ತನ್ನ ಹಳೆಯ ಗೆಳತಿಯ ಮನೆಗೆ ನುಗ್ಗಿ ಅವಳಿಗೆ ಚಾಕು ಹಾಕಿದ್ದ. ಅವಳು ಬದುಕಿದಳು. ಬೆಳಿಗ್ಗೆ ಐದಕ್ಕೆ ಆಫೀಸಿಗೆ ಹೋಗಿ ಫೈಲು ತೆಗೆದೆ. ಆ ತಿಂಗಳು ಅವನ ಮನೆಗೆ ಎರಡು ಸಲ ಹೋಗಬೇಕಿತ್ತು. ಹೋಗಿದ್ದು ಒಂದು ಸಲ. ಅವನನ್ನು ನೋಡಿಕೊಳ್ಳುತ್ತಿದ್ದ ಆಫೀಸರ್ ಕೈಯಲ್ಲಿ 71 ಫೈಲುಗಳಿದ್ದವು. ಎಂಟು ಗಂಟೆಗೆ ಕಿಟಕಿಯಿಂದ ನೋಡಿದೆ. ಆ ಆಫೀಸರ್ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಕೂತಿದ್ದಳು, ಇಳಿಯುತ್ತಿರಲಿಲ್ಲ. ಕೆಳಗೆ ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಕೌಂಟಿಯ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಅಂದರೆ ಕೌಂಟಿಯ ಆಡಳಿತ ನಡೆಸುವ ಚುನಾಯಿತ ಮಂಡಳಿ, ಅದರ ಸಭೆಯಲ್ಲಿ ಜನ ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಬಹುದು. ಆ ಹುಡುಗಿಯ ತಾಯಿ ಬಂದಿದ್ದರು. ಬೋರ್ಡಿನ ಕಡೆ ನೋಡಲೇ ಇಲ್ಲ, ನನ್ನ ಕಡೆ ತಿರುಗಿ ಮಾತಾಡಿದರು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, ಆ ಎರಡನೇ ಭೇಟಿ ನಡೆಯಲಿಲ್ಲ, ಒಬ್ಬರ ಕೈಗೆ 71 ಫೈಲು ಕೊಟ್ಟಿದ್ದು ನಾನು, ಇದು ನನ್ನ ಹೊಣೆ ಅಂತ ಹೇಳಿದೆ. ಹಾಗೆ ಹೇಳಬೇಡಿ ಅಂತ ಹಿಂದಿನ ದಿನ ನನಗೆ ಸಲಹೆ ಬಂದಿತ್ತು. ಆ ತಾಯಿಯ ಮುಖ ನೋಡಿಕೊಂಡು ಬೇರೆ ಏನು ಹೇಳುವುದಕ್ಕೆ ಆಗುತ್ತಿತ್ತು?

ಎಲ್ಲರ ಮೇಲೂ ಬಿಗಿ ಮಾಡಿ, ಎಲ್ಲರನ್ನೂ ವಾರಕ್ಕೊಮ್ಮೆ ಕರೆಸಿ ಅಂತ ಆ ವಾರ ತುಂಬಾ ಒತ್ತಡ ಬಂತು. ಅತ್ತ ದರಿ, ಇತ್ತ ಪುಲಿ. ನಾನು ಒಪ್ಪಲಿಲ್ಲ. ಎಲ್ಲರನ್ನೂ ವಾರವಾರ ಕರೆಸಿದರೆ ಅಂಥವನೇ ಇನ್ನೊಬ್ಬ ಆ ರಾಶಿಯಲ್ಲಿ ಮತ್ತೆ ಕಾಣದೆ ಹೋಗುತ್ತಾನೆ. ಫೋನಿನಲ್ಲೇ ಮುಗಿಯುವ ಕೇಸುಗಳನ್ನೆಲ್ಲ ಒಬ್ಬರಿಗೆ ಒಟ್ಟು ಮಾಡಿ ಕೊಟ್ಟೆ. ಹಾಗೆ ಬಿಡುವಾದ ನಾಲ್ಕು ಜನರನ್ನು ಮನೆಯೊಳಗಿನ ಹಿಂಸೆಯ ಕೇಸುಗಳಿಗೆ ಹಾಕಿದೆ. ಅಲ್ಲಿ ಈಗ ಒಬ್ಬರಿಗೆ 30ಕ್ಕಿಂತ ಹೆಚ್ಚು ಫೈಲು ಕೊಡುವುದಿಲ್ಲ. ಆ ಆಫೀಸರ್ ಕೆಲಸ ಬಿಡಲಿಲ್ಲ. ಅದೇ ತಂಡದಲ್ಲಿದ್ದಾಳೆ.

ಇದೆಲ್ಲ ಅಮೆರಿಕದವರ ಧಾರಾಳ, ನಮ್ಮಲ್ಲಿ ನಡೆಯಲ್ಲ ಅಂತ ಊರಲ್ಲಿ ಹೇಳುವವರಿದ್ದಾರೆ. ಭಾರತದಲ್ಲಿ 1958ರಿಂದಲೇ ಇದಕ್ಕೆ ಕಾನೂನಿದೆ. ಎಚ್ಚರಿಕೆ ಕೊಟ್ಟು ಬಿಡಬಹುದು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ತುಂಬದವರಿಗೆ ಜೈಲು ಶಿಕ್ಷೆ ಕೊಡುವುದಾದರೆ, ಜೀವಾವಧಿಯಂಥ ಶಿಕ್ಷೆಯ ಅಪರಾಧ ಅಲ್ಲದಿದ್ದರೆ, ಜಡ್ಜ್ ಅದಕ್ಕೆ ಕಾರಣ ಬರೆಯಬೇಕು. ನಮ್ಮ ಕೆಲಸ ಮಾಡುವವರನ್ನು ಕರ್ನಾಟಕದಲ್ಲಿ ಪರಿವೀಕ್ಷಣಾಧಿಕಾರಿ ಎನ್ನುತ್ತಾರೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಕೂಡ ಒಂದು ಶಿಕ್ಷೆ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನಿಗೂ ಅದನ್ನು ಕೊಡಬಹುದು. ಆಗಸ್ಟಸ್ ಮೊದಲು ಜಾಮೀನು ನಿಂತಿದ್ದು ಒಬ್ಬ ಕುಡುಕನಿಗೆ ಅನ್ನುವುದು ಅದನ್ನು ಓದಿದಾಗ ನನಗೆ ನೆನಪಾಯಿತು.

ಚಿಕ್ಕಮ್ಮ, ಭಯ ಆಗುತ್ತದೆ. ರಾತ್ರಿ ಫೋನ್ ಹೊಡೆದುಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತದೆ. ಆದರೆ ಆ ಪ್ಲಾಸ್ಟಿಕ್ ಚೀಲದ ಭಯವೂ ಅಷ್ಟೇ ಇದೆ. ಈಗ ನಮ್ಮಲ್ಲಿ ಯಾರಾದರೂ ಬರದಿದ್ದರೆ ಬರೆಯುವ ಮುಂಚೆ ಫೋನ್ ಮಾಡಲೇಬೇಕು. ಮಂಗಳವಾರ ರಾತ್ರಿ ಎಂಟರ ತನಕ ಆಫೀಸು ತೆರೆದಿರುತ್ತದೆ. ಹೋದ ಮಂಗಳವಾರ ಏಳೂವರೆಗೆ ಬರಬೇಕಾದ ಒಬ್ಬ ಬಂದಿರಲಿಲ್ಲ. ಆಫೀಸರ್ ಫೋನ್ ಮಾಡಿದಳು. ಬಸ್ಸು ತಪ್ಪಿದೆ, ನಡೆದುಕೊಂಡು ಬರುತ್ತಿದ್ದೇನೆ ಅಂದನಂತೆ. ಬಾಗಿಲು ಹಾಕಿದ್ದು ಎಂಟೂ ಇಪ್ಪತ್ತಕ್ಕೆ.