ಕ್ಯೂಆರ್ ಕೋಡ್ ಮಾಡುವ ಮುಂಚೆ ಲಿಂಕ್ ನೋಡಿ

ಕ್ಯೂಆರ್ ಕೋಡ್ ಒಮ್ಮೆ ಅಚ್ಚಾಯಿತೆಂದರೆ ತಿದ್ದಲು ಬರುವುದಿಲ್ಲ. ಆ ಕಪ್ಪು-ಬಿಳಿ ಚೌಕಗಳಲ್ಲಿ ಇರುವುದು ನೀವು ಕೊಟ್ಟ ಅಕ್ಷರಗಳು ಮಾತ್ರ. ಹಾಗಾಗಿ ಬಣ್ಣ, ಲೋಗೊ ಎಂದು ಹುಡುಕುವ ಮೊದಲು ಒಳಗೆ ಹಾಕುವ ಲಿಂಕ್ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಿ.

ಆನ್‌ಲೈನ್‌ನಲ್ಲಿ ಕೋಡ್ ಮಾಡಿಕೊಡುವ ಹಲವು ತಾಣಗಳು ಕೊಡುವುದು 'ಡೈನಾಮಿಕ್' ಕೋಡ್. ಅದರೊಳಗೆ ನಿಮ್ಮ ವಿಳಾಸ ಇರುವುದೇ ಇಲ್ಲ. ಆ ತಾಣದ ಒಂದು ಚಿಕ್ಕ ಲಿಂಕ್ ಇರುತ್ತದೆ, ಅದು ಓದುಗರನ್ನು ನಿಮ್ಮ ಪುಟಕ್ಕೆ ದಾಟಿಸುತ್ತದೆ. ಉಚಿತ ಅವಧಿ ಮುಗಿದರೆ ಅಥವಾ ತಾಣವೇ ಮುಚ್ಚಿದರೆ ಹಂಚಿದ ಕೋಡ್‌ಗಳೆಲ್ಲ ಸತ್ತಂತೆ. ಪತ್ತೆ ಹಚ್ಚುವುದು ಸುಲಭ: ಫೋನ್ ಕ್ಯಾಮೆರಾ ಹಿಡಿದಾಗ ತೆರೆಯುವ ಮುನ್ನ ತೋರಿಸುವ ವಿಳಾಸ ನಿಮ್ಮದಲ್ಲದಿದ್ದರೆ ಅದು ಡೈನಾಮಿಕ್. ಮುಂದೆ ಗುರಿ ಬದಲಿಸಬೇಕಾದೀತು ಎನಿಸಿದರೆ ನಿಮ್ಮ ಸ್ವಂತ ಡೊಮೇನ್‌ನಲ್ಲೇ (ನಿಮ್ಮ ಹೆಸರಿನಲ್ಲಿರುವ ಜಾಲತಾಣದ ವಿಳಾಸ) ಒಂದು ಚಿಕ್ಕ ವಿಳಾಸ ಮಾಡಿ, ಅಲ್ಲಿಂದ ರೀಡೈರೆಕ್ಟ್ ಕೊಡಿ, ಅಂದರೆ ಬಂದವರನ್ನು ಅಸಲಿ ಪುಟಕ್ಕೆ ದಾಟಿಸಿ. ಅದು 302, ಅಂದರೆ ತಾತ್ಕಾಲಿಕ ರೀಡೈರೆಕ್ಟ್ ಇರಲಿ. 301, ಅಂದರೆ ಶಾಶ್ವತ ರೀಡೈರೆಕ್ಟ್ ಕೊಟ್ಟರೆ ಬ್ರೌಸರ್‌ಗಳು ಹಳೆಯ ಗುರಿಯನ್ನೇ ನೆನಪಿಟ್ಟುಕೊಂಡುಬಿಡಬಹುದು.

ಇನ್ನು ಲಿಂಕ್‌ನ ಉದ್ದ. ಅತಿ ಚಿಕ್ಕ ಕೋಡ್‌ಗೆ ಒಂದು ಬದಿಯಲ್ಲಿ 21 ಚೌಕ, ಅತಿ ದೊಡ್ಡದಕ್ಕೆ 177. ಅಕ್ಷರ ಹೆಚ್ಚಿದಂತೆ ಚೌಕಗಳೂ ಹೆಚ್ಚುತ್ತವೆ. 26 ಅಕ್ಷರದ ವಿಳಾಸ 'ಎಂ' ಎಂಬ ತಪ್ಪು ತಿದ್ದುವ ಮಟ್ಟದಲ್ಲಿ (ವಿವರ ಮುಂದಿದೆ) 25 ಚೌಕದ ಕೋಡ್‌ನಲ್ಲಿ ಹಿಡಿಸುತ್ತದೆ. ಓದುಗರು ಎಲ್ಲಿಂದ ಬಂದರೆಂದು ತಿಳಿಯಲು ಸೇರಿಸುವ ಟ್ರ್ಯಾಕಿಂಗ್ ಬಾಲ ಹೊತ್ತ 150 ಅಕ್ಷರದ ವಿಳಾಸಕ್ಕೆ 49 ಬೇಕು. ಸುತ್ತಲಿನ ಖಾಲಿ ಅಂಚೂ ಸೇರಿ 3 ಸೆಂ.ಮೀ. ಅಗಲದಲ್ಲಿ ಅಚ್ಚು ಹಾಕಿದರೆ ಮೊದಲನೆಯದರ ಒಂದು ಚೌಕ ಸುಮಾರು 0.9 ಮಿ.ಮೀ., ಎರಡನೆಯದರದು 0.5 ಮಿ.ಮೀ. ಹಳೆಯ ಫೋನ್ ತಡಬಡಿಸುವುದು ಇಲ್ಲೇ. ಕನ್ನಡ ಅಕ್ಷರಗಳಿರುವ ವಿಳಾಸದಲ್ಲಿ ಇನ್ನೂ ಕಷ್ಟ: ಬ್ರೌಸರ್‌ನಿಂದ ನಕಲು ಮಾಡಿದಾಗ ಒಂದೊಂದು ಯೂನಿಕೋಡ್ ಚಿಹ್ನೆಯೂ ಸಾಮಾನ್ಯವಾಗಿ 9 ಅಕ್ಷರವಾಗಿ ಹಿಗ್ಗುತ್ತದೆ, ಒತ್ತಕ್ಷರ, ಕಾಗುಣಿತದ ಚಿಹ್ನೆಗಳನ್ನೂ ಪ್ರತ್ಯೇಕವಾಗಿ ಎಣಿಸಬೇಕು. ಬ್ಲಾಗ್ ಪುಟಕ್ಕೆ ಚಿಕ್ಕ ಲಿಂಕ್ ಇಟ್ಟುಕೊಳ್ಳುವುದು ಇದಕ್ಕೇ.

ಡೊಮೇನ್ ಕೈಯಲ್ಲಿದ್ದರೆ ಕೋಡ್ ಮಾಡಲು ತಾಣವೇ ಬೇಕಿಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಹಂಚಿಕೆ ಮೆನುವಿನಲ್ಲೇ ಕ್ಯೂಆರ್ ಆಯ್ಕೆ ಇದೆ. ಅಚ್ಚಿಗಾದರೆ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನಾ ತಂತ್ರಾಂಶ ಒಳ್ಳೆಯದು. ಅದರ ಮೆನುವಿನಲ್ಲಿ ಕ್ರಮವಾಗಿ ಒತ್ತಿ: ಎಕ್ಸ್‌ಟೆನ್ಷನ್ಸ್, ರೆಂಡರ್, ಬಾರ್‌ಕೋಡ್, ಕ್ಯೂಆರ್ ಕೋಡ್. ಎಸ್‌ವಿಜಿಯಾಗಿ (ರೇಖೆಗಳ ಲೆಕ್ಕದಲ್ಲಿ ಚಿತ್ರ ಉಳಿಸುವ ಕಡತ ಬಗೆ) ಉಳಿಸಿದರೆ ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗದು.

ತಪ್ಪು ತಿದ್ದುವ ಮಟ್ಟಗಳು ನಾಲ್ಕು: ಎಲ್, ಎಂ, ಕ್ಯೂ, ಎಚ್. ಕ್ರಮವಾಗಿ ಸುಮಾರು 7, 15, 25, 30 ಶೇಕಡಾ ದತ್ತಾಂಶ ಹಾಳಾದರೂ ಓದಿಕೊಳ್ಳುತ್ತವೆ. ಎಲ್ಲಕ್ಕೂ ಎಚ್ ಹಾಕುವುದು ಬೇಡ, ಚೌಕಗಳು ವೃಥಾ ಹೆಚ್ಚುತ್ತವೆ. ಮಾಮೂಲಿ ಬಳಕೆಗೆ ಎಂ ಸಾಕು. ನಡುವೆ ಲೋಗೊ ಇಡುವುದಾದರೆ ಮಾತ್ರ ಎಚ್. ಆಗಲೂ ಲೋಗೊ ಅಗಲ ಕೋಡ್‌ನ ಐದರಲ್ಲಿ ಒಂದು ಪಾಲು ಮೀರದಿರಲಿ, ಮೂರು ಮೂಲೆಯ ದೊಡ್ಡ ಚೌಕಗಳನ್ನು ಮುಟ್ಟಲೇಬೇಡಿ. ಸ್ಕ್ಯಾನರ್ ಕೋಡ್ ಎಲ್ಲಿದೆ ಎಂದು ಕಂಡುಕೊಳ್ಳುವುದೇ ಅವುಗಳಿಂದ.

ಸುತ್ತ ನಾಲ್ಕು ಚೌಕದಷ್ಟು ಖಾಲಿ ಜಾಗ ಬಿಡಬೇಕೆಂಬುದು ನಿಯಮ. ಪೋಸ್ಟರ್ ಮಾಡುವವರು ಜಾಗ ಉಳಿಸಲು ಮೊದಲು ಕತ್ತರಿಸುವುದು ಇದನ್ನೇ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಕೋಡ್ ಚೆಂದ ಕಂಡರೂ ಕೆಲವು ಆ್ಯಪ್‌ಗಳು ಅದನ್ನು ಓದುವುದಿಲ್ಲ. ಅಗಲಕ್ಕೆ ಸರಳ ಲೆಕ್ಕ: ನೋಡುವ ದೂರದ ಹತ್ತನೇ ಒಂದು ಪಾಲು. 2 ಮೀಟರ್ ದೂರದಿಂದ ಓದಬೇಕಾದರೆ 20 ಸೆಂ.ಮೀ. ಪರೀಕ್ಷೆಯನ್ನು ಪರದೆಯ ಮೇಲಲ್ಲ, ಅಚ್ಚಾದ ಹಾಳೆಯ ಮೇಲೆ ಎರಡು ಬೇರೆ ಫೋನ್‌ಗಳಲ್ಲಿ ಮಾಡಿ. ಲ್ಯಾಮಿನೇಷನ್ ಇದ್ದರೆ ಅದನ್ನು ಮಾಡಿಸಿದ ಮೇಲೆ, ದೀಪದ ಕೆಳಗೆ ಇನ್ನೊಮ್ಮೆ. ಹೊಳಪು ಅರ್ಧ ಕೋಡನ್ನೇ ನುಂಗಿಬಿಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗಿ ಅಂಚುಗಳು ಕಲಸಿಹೋಗುತ್ತವೆ. ಕೆಳಗೆ ಲಿಂಕನ್ನೂ ಬರೆಯಿರಿ, ಏಕೆಂದರೆ ಕೋಡ್ ಬಂದ ಫೋನಿನ ಕ್ಯಾಮೆರಾವನ್ನು ಅದೇ ಫೋನಿಗೆ ಹಿಡಿಯಲಾಗದು. ಡ್ರೈವ್ ಕಡತದ ಲಿಂಕ್ ಆದರೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ನಿಮಗೆ ತೆರೆಯುವುದು ಬೇರೆಯವರಿಗೆ ಅನುಮತಿ ಕೇಳೀತು. ವೈಫೈ ಕೋಡ್ ಮಾತ್ರ ಸಾರ್ವಜನಿಕವಾಗಿ ಹಾಕಬೇಡಿ. ಪಾಸ್‌ವರ್ಡ್ ಅದರೊಳಗೆ ಯಾವ ಗೂಢಲಿಪಿಯೂ ಇಲ್ಲದೆ ಹಾಗೇ ಇರುತ್ತದೆ, ಚಿತ್ರ ಸಿಕ್ಕವರೆಲ್ಲ ಓದಬಹುದು. ಅತಿಥಿಗಳಿಗೆಂದೇ ಬೇರೆ ನೆಟ್‌ವರ್ಕ್ ಮಾಡಿ ಅದರ ಕೋಡ್ ಕೊಡಿ.