ಸಂಕ್ರಾಂತಿಗೆ ಅಡಿಕೆ, ಕಾರಹುಣ್ಣಿಮೆಗೆ ತೆಂಗಿನಕಾಯಿ

ಅಂಗಾಂಶ ಕೆಡದಂತೆ ಇಡುವ ಫಾರ್ಮಾಲಿನ್ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಕಣ್ಣು ಉರಿಯುತ್ತದೆ. ಒಳಗಿದ್ದ ಗಡ್ಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಲಗೆಯ ಮೇಲಿಟ್ಟೆ. ಅಳತೆ 11 ಸೆಂ.ಮೀ. ಜೊತೆಗಿದ್ದ ಚೀಟಿಯಲ್ಲಿ ಹೆಸರಿನ ಕೆಳಗೆ 'ಎಡ ಸ್ತನದ ಗಡ್ಡೆ, 46 ವರ್ಷ' ಎಂದಷ್ಟೇ ಬರೆದಿತ್ತು. ಹೆಸರು ಎಲ್ಲೋ ಕಂಡಂತೆನಿಸಿ ಹಳೆಯ ರಿಜಿಸ್ಟರ್ ತೆಗೆದೆ. ಯುಗಾದಿಯ ಹೊತ್ತಿಗೆ ಇದೇ ಹೆಂಗಸಿಗೆ ಸೂಜಿ ಪರೀಕ್ಷೆ ಆಗಿತ್ತು. ವರದಿ: ಫೈಬ್ರೋಅಡಿನೋಮಾ. ಕೆಳಗೆ ಪೆಥಾಲಜಿಸ್ಟ್ ಎಂದು ನನ್ನ ಸಹಿ.

ಫೈಬ್ರೋಅಡಿನೋಮಾ ಎಂದರೆ ಸಾಧು ಗಡ್ಡೆ. ಇಪ್ಪತ್ತು, ಇಪ್ಪತ್ತೈದರ ಹುಡುಗಿಯರಲ್ಲಿ ದಿನವೂ ನೋಡುತ್ತೇವೆ. ಬೆರಳಿಗೆ ಸಿಕ್ಕದೆ ಜಾರುತ್ತದೆ, ಜೀವಕ್ಕೆ ಅಪಾಯವಿಲ್ಲ. 46ರ ಹೆಂಗಸಿನಲ್ಲಿ ಹಾಗೆ ಬರೆಯುವ ಮುನ್ನ ನಾನು ಒಂದು ಗಳಿಗೆ ನಿಲ್ಲಬೇಕಿತ್ತು. ಹಳೆಯ ಸ್ಲೈಡನ್ನು ಮತ್ತೆ ನೋಡಿದೆ. ಸೂಜಿಗೆ ನಾಳಗಳ ಒಳಪದರದ ಜೀವಕೋಶಗಳು ಧಾರಾಳವಾಗಿ ಸಿಕ್ಕಿದ್ದವು. ಅವುಗಳ ನಡುವಿನ ಆಧಾರ ಅಂಗಾಂಶ, ನಾವು ಸ್ಟ್ರೋಮಾ ಎನ್ನುವುದು, ಎರಡೇ ಎರಡು ತುಣುಕು ಬಂದಿತ್ತು. ನಿರ್ಧಾರವೆಲ್ಲ ಇರುವುದು ಆ ಸ್ಟ್ರೋಮಾದಲ್ಲಿ.

ಸರ್ಜನ್ ಕೊಯ್ದ ಅಂಚು ಮುಂದೆ ಸ್ಲೈಡಿನಲ್ಲಿ ಗುರುತು ಸಿಗಲೆಂದು ಅಂಚಿಗೆಲ್ಲ ಇಂಡಿಯನ್ ಇಂಕ್ ಹಚ್ಚಿ, ಒಣಗಿದ ಮೇಲೆ ಗಡ್ಡೆಯನ್ನು ಬ್ರೆಡ್ಡಿನಂತೆ ಹೋಳು ಮಾಡಿದೆ. ಒಳಗೆ ಎಲೆಕೋಸನ್ನು ಅಡ್ಡ ಕೊಯ್ದಂತೆ ಸೀಳು ಸೀಳು, ಪದರ ಪದರ. ಫಿಲ್ಲೋಡಿಸ್ ಗಡ್ಡೆ. 1838ರಲ್ಲಿ ಜರ್ಮನಿಯ ಯೋಹಾನೆಸ್ ಮುಲ್ಲರ್ ಎಲೆ ಎಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಹೆಸರಿಟ್ಟರು. ಸ್ತನದ ಗಡ್ಡೆಗಳಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. ಇದ್ದರೂ ಹೆಚ್ಚಿನವು ಸಾಧುವೇ. ಕೆಲವು ನಡುವಿನವು. ಇನ್ನು ಕೆಲವು ಮಾರಕ.

ಸೆಂಟಿಮೀಟರಿಗೆ ಕನಿಷ್ಠ ಒಂದು ತುಂಡು ತೆಗೆಯಬೇಕೆಂಬುದು ರೂಢಿ. ನಾನು 12 ತೆಗೆದೆ. ಸ್ಲೈಡುಗಳು ಬಂದ ಮೇಲೆ ಎಣಿಸುತ್ತ ಕುಳಿತೆ. ಎಣಿಸುವುದು ಒಡೆಯುತ್ತಿರುವ ಜೀವಕೋಶಗಳನ್ನು. ವರ್ಣತಂತುಗಳು ನಡುವೆ ಕಪ್ಪು ಗೆರೆಯಾಗಿ ಸಾಲುಗಟ್ಟಿರುತ್ತವೆ, ಅಂಚಿನಲ್ಲಿ ಕೂದಲೆಳೆಯಂಥ ಮುಳ್ಳುಗಳು. ಸಾಯುತ್ತಿರುವ ಕೋಶವೂ ಹೀಗೆಯೇ ಕಪ್ಪಾಗಿ ಮೋಸ ಮಾಡುತ್ತದೆ, ಆದರೆ ಅದರ ಅಂಚು ನುಣುಪು, ಸುತ್ತಲೂ ಗಾಢ ಗುಲಾಬಿ ಬಣ್ಣ. ಅದನ್ನು ಲೆಕ್ಕಕ್ಕೆ ಸೇರಿಸಬಾರದು. ದೊಡ್ಡ ಮಸೂರದ ಹತ್ತು ಕ್ಷೇತ್ರಗಳಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಾಧು, 5ರಿಂದ 9 ನಡುವಿನದು, 10 ಅಥವಾ ಹೆಚ್ಚಿದ್ದರೆ ಮಾರಕದ ಕಡೆಗೆ. ಒಂದೊಂದು ಮೈಕ್ರೋಸ್ಕೋಪಿನ ಕ್ಷೇತ್ರ ಒಂದೊಂದು ಗಾತ್ರ, ಹಾಗಾಗಿ ಈಗ ಚದರ ಮಿ.ಮೀ. ಲೆಕ್ಕವನ್ನೂ ಕೊಡುತ್ತೇವೆ. ಲೆಕ್ಕವೊಂದೇ ಸಾಲದು. ಸ್ಟ್ರೋಮಾ ಎಷ್ಟು ದಟ್ಟ, ಕೋಶಕೇಂದ್ರ ಎಷ್ಟು ವಿಕಾರ, ಅಂಚು ಸುತ್ತಲಿನ ಕೊಬ್ಬಿಗೆ ನುಗ್ಗಿದೆಯೇ, ಎಲ್ಲ ಕೂಡಿಬರಬೇಕು. ನನಗೆ ಸಿಕ್ಕಿದ್ದು 6. ವಿಕಾರ ಅಷ್ಟಿಲ್ಲ. 'ಬಾರ್ಡರ್‌ಲೈನ್' (ನಡುವಿನದು) ಎಂದು ಟೈಪ್ ಮಾಡಿದೆ, ಸಹಿಯೊಂದು ಬಾಕಿ.

ಅಷ್ಟರಲ್ಲಿ ಲ್ಯಾಬಿನ ಕಿಟಕಿಯಲ್ಲಿ ಆಕೆಯೇ ಬಂದು ನಿಂತಿದ್ದರು. ಹೊಲಿಗೆ ಬಿಚ್ಚಿಸಲು ಬಂದವರು, ಸೆರಗಿನೊಳಗೆ ಎಡಗೈ ಒತ್ತಿ ಹಿಡಿದಿದ್ದರು. "ರಿಪೋರ್ಟ್ ಬಂತೇನ್ರೀ?" ನಾಳೆ ಬನ್ನಿ ಎಂದು ಕಳಿಸಬಹುದಿತ್ತು. ಯಾಕೋ, ಗಡ್ಡೆ ಎಷ್ಟು ದಿನದಿಂದ ಇತ್ತು ಎಂದು ಕೇಳಿದೆ.

"ಸಂಕ್ರಾಂತಿಗೆ ಅಡಿಕೆಯಷ್ಟಿತ್ರೀ. ಯುಗಾದಿಗೆ ನಿಂಬೆಹಣ್ಣು. ಸೂಜಿ ಹಾಕಿ ಏನೂ ಇಲ್ಲ ಅಂದ್ರಲ್ಲ, ಸುಮ್ನಾದೆ. ಕಾರಹುಣ್ಣಿಮೆ ಹೊತ್ತಿಗೆ ತೆಂಗಿನಕಾಯಿ ಆಗಿತ್ತು."

ದೂರುವ ದನಿ ಅದರಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದರು, ಅಷ್ಟೆ. ಆ ಸೂಜಿ ವರದಿ ಬರೆದವನು ನಾನೇ ಎಂದು ಆ ಗಳಿಗೆಯಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಬೆಳವಣಿಗೆಯ ವೇಗವೊಂದರಿಂದಲೇ ಮಾರಕ ಎನ್ನಲಾಗದು, ಸಾಧು ಫಿಲ್ಲೋಡಿಸ್ ಕೂಡ ಹೀಗೆ ದಿಢೀರನೆ ಊದಬಲ್ಲದು. ಆದರೂ ಆ ಮೂರು ಹಣ್ಣುಕಾಯಿ ನನ್ನನ್ನು ಮತ್ತೆ ಡಬ್ಬಿಯ ಬಳಿಗೆ ಕರೆದೊಯ್ದವು. ಉಳಿದ ಹೋಳುಗಳನ್ನು ಒಂದೊಂದಾಗಿ ಬೆರಳಿಂದ ಒತ್ತಿ ನೋಡಿದೆ. ಎದೆಗೋಡೆಯ ಕಡೆಯ ಅಂಚಿನ ಹತ್ತಿರ, ಹುಣಸೆಬೀಜದಷ್ಟು ಅಗಲದ ಒಂದು ಜಾಗದಲ್ಲಿ ಎಲೆಯ ಪದರವೇ ಇರಲಿಲ್ಲ. ಮೀನಿನ ಮಾಂಸದಂತೆ ನುಣ್ಣಗೆ, ಬೂದುಬಿಳುಪು. ಅಲ್ಲಿಂದಲೇ ಮತ್ತೆ ಆರು ತುಂಡು ತೆಗೆದೆ.

ಎರಡು ದಿನದ ಮೇಲೆ ಆ ಸ್ಲೈಡನ್ನು ಚಿಕ್ಕ ಮಸೂರದಲ್ಲಿ ಇಟ್ಟಾಗ ಇಡೀ ಕ್ಷೇತ್ರದಲ್ಲಿ ಒಂದೇ ಒಂದು ನಾಳವೂ ಕಾಣಲಿಲ್ಲ. ಬರೀ ಸ್ಟ್ರೋಮಾ, ನೂಲುವ ಕದಿರಿನಂಥ ಕೋಶಗಳು ಒಂದರ ಮೇಲೊಂದು ಬಿದ್ದಿದ್ದವು, ಕೇಂದ್ರಗಳು ಅಡ್ಡಾದಿಡ್ಡಿ, ಅಂಚು ಕೊಬ್ಬಿನೊಳಕ್ಕೆ ನುಗ್ಗಿತ್ತು. ಎಣಿಸಿದೆ: 14. ಬೇರೆ ಹತ್ತು ಕ್ಷೇತ್ರಗಳಲ್ಲಿ ಮತ್ತೆ ಎಣಿಸಿದೆ: 13. ಇಂಕಿಗೂ ಗಡ್ಡೆಗೂ ನಡುವೆ ಉಳಿದಿದ್ದುದು 1 ಮಿ.ಮೀ.

ಹೀಗೆ ಕದಿರಿನಾಕಾರದ ಕೋಶಗಳಿಂದಲೇ ತುಂಬಿದ ಬೇರೊಂದು ಕ್ಯಾನ್ಸರ್ ಇದೆ, ಮೆಟಾಪ್ಲಾಸ್ಟಿಕ್ ಕಾರ್ಸಿನೋಮಾ. ಅದರ ಚಿಕಿತ್ಸೆಯ ದಾರಿಯೇ ಬೇರೆ. ಸ್ಲೈಡುಗಳನ್ನೂ ಮೇಣದಲ್ಲಿ ಹುದುಗಿಸಿದ ತುಂಡುಗಳ ಬ್ಲಾಕುಗಳನ್ನೂ ಬೆಂಗಳೂರಿನ ಹಿರಿಯ ಪೆಥಾಲಜಿಸ್ಟ್ ಒಬ್ಬರಿಗೆ ಕಳಿಸಿದೆ. ಈ ಗಡ್ಡೆಯಲ್ಲಿ ಅನುಭವಸ್ಥರೇ ಭಿನ್ನಾಭಿಪ್ರಾಯ ಪಡುವುದುಂಟು, ಒಬ್ಬನೇ ನಿರ್ಧರಿಸುವ ಧೈರ್ಯ ನನಗಿರಲಿಲ್ಲ. ಅವರು ಆ ಕಾರ್ಸಿನೋಮಾವನ್ನು ಗುರುತಿಸುವ ಸೈಟೋಕೆರಾಟಿನ್, ಪಿ63 ಬಣ್ಣಗಳನ್ನೆಲ್ಲ ಹಾಕಿ ನೋಡಿದರು. ಸ್ಟ್ರೋಮಾ ಯಾವುದಕ್ಕೂ ಬಣ್ಣ ಹಿಡಿಯಲಿಲ್ಲ. ಮಾರಕ ಫಿಲ್ಲೋಡಿಸ್ ಎಂದೇ ಫೋನ್ ಮಾಡಿ ಹೇಳಿದರು.

ವರದಿ ಕೊಡುವ ದಿನ ಸರ್ಜನ್ ಕೋಣೆಗೆ ನಾನೂ ಹೋದೆ. ಸೂಜಿ ಪರೀಕ್ಷೆಯ ವರದಿ ಬರೆದವನು ನಾನು, ಅದು ತಪ್ಪಾಗಿತ್ತು ಎಂದೆ. ಆಕೆಯ ಮಗ ನೆಲ ನೋಡುತ್ತಿದ್ದ. ಆಕೆ ಕೇಳಿದ್ದು ಒಂದೇ ಮಾತು: "ಕಂಕುಳಲ್ಲೂ ಕೊಯ್ತಾರಾ?" ಇಲ್ಲ, ಇದು ಕಂಕುಳಿನ ದುಗ್ಧಗ್ರಂಥಿಗಳಿಗೆ ಹಬ್ಬುವುದು ಬಲು ಅಪರೂಪ, ಹಬ್ಬಿದರೆ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಸರ್ಜನ್ ವಿವರಿಸಿದರು. ಎದೆಯ ಸಿ.ಟಿ. ಸ್ವಚ್ಛವಾಗಿ ಬಂತು. ಮೊದಲ ಸಲದ ಅಂಚು ಸಾಲದ್ದರಿಂದ ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ಸ್ತನವನ್ನು ಪೂರ್ತಿ ತೆಗೆದರು. ಆ ಅಂಚುಗಳನ್ನೂ ನಾನೇ ನೋಡಿದೆ, ಎಲ್ಲೂ ಗಡ್ಡೆ ಇರಲಿಲ್ಲ.

ಈಗ ಸ್ತನದ ಗಡ್ಡೆಗೆ ಸೂಜಿ ಹಾಕುವ ಮೊದಲು ನಾನೇ ಕೇಳುತ್ತೇನೆ. ಮೊನ್ನೆ ಬಂದ ಹೆಂಗಸು, "ಅವರೆಕಾಳಿನಷ್ಟು ಇದೆ ಸಾರ್, ಐದು ವರ್ಷದಿಂದ ಹಾಗೇ ಐತೆ" ಎಂದರು. ಅದನ್ನು ಅವರ ಮಾತಿನಲ್ಲೇ ಚೀಟಿಯ ಮೇಲೆ ಬರೆದುಕೊಂಡೆ.