‘ನೀವು ಬ್ರಾಹ್ಮಣರಾ, ಲಿಂಗಾಯತರಾ?’

ನಾನು ದೇವಾಂಗರ ಮನೆಯವನು ಅಂತ ಗೊತ್ತಾದರೆ ಜನ ಕೇಳುವ ಪ್ರಶ್ನೆ ಇದು. ಕೇಳುವವರ ತಪ್ಪೇನಿಲ್ಲ. ನಮ್ಮಲ್ಲಿ ಜನಿವಾರ ಇದೆ, ಗಾಯತ್ರಿ ಮಂತ್ರ ಇದೆ. ವಚನಕಾರ ದೇವರ ದಾಸಿಮಯ್ಯನವರ ಜಯಂತಿಯೂ ಇದೆ. ಕೆಲವು ಮನೆಗಳಲ್ಲಿ ಲಿಂಗ ಕಟ್ಟಿಕೊಳ್ಳುತ್ತಾರೆ. ಸಾಲದ್ದಕ್ಕೆ ಚೌಡೇಶ್ವರಿ ಉತ್ಸವದಲ್ಲಿ ಗಂಡಸರು ಕತ್ತಿ ಹಿಡಿದು ಅಲಗು ಸೇವೆ ಮಾಡುತ್ತಾರೆ. ನೋಡಿದವರಿಗೆ ಗೊಂದಲ ಆಗೋದು ಸಹಜ.

ಎರಡೂ ಅಲ್ಲ, ನಾವು ನೇಕಾರರು ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಕೇಳಿದವರ ಮುಖದಲ್ಲಿ ಸಮಾಧಾನ ಕಾಣುವುದಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲು ಪುರಾಣ. ಲೋಕದಲ್ಲಿ ಯಾರಿಗೂ ಉಡಲು ಬಟ್ಟೆ ಇರಲಿಲ್ಲವಂತೆ. ಶಿವ ದೇವಲ ಮಹರ್ಷಿಯನ್ನು ಸೃಷ್ಟಿಸಿ, ಎಲ್ಲರಿಗೂ ನೇಯ್ದು ಕೊಡು ಅಂದ. ನೇಯಲು ನೂಲು ಬೇಕಲ್ವಾ? ವಿಷ್ಣುವಿನ ಹೊಕ್ಕುಳಿನಿಂದ ಬಂದ ತಾವರೆಯ ಎಳೆ ತರಲು ದೇವಲ ಹೋದ. ಎಳೆ ಸಿಕ್ಕಿತು. ವಾಪಸ್ ಬರುವಾಗ ದಾರಿಯಲ್ಲಿ ರಾಕ್ಷಸರು ಮುತ್ತಿಕೊಂಡರು. ವಿಷ್ಣು ಕೊಟ್ಟ ಚಕ್ರವೂ ಸಾಕಾಗಲಿಲ್ಲ. ಆಗ ದೇವಿಯನ್ನು ನೆನೆದ. ಆಕೆ ಚೌಡೇಶ್ವರಿಯಾಗಿ ಬಂದು ಅವರನ್ನೆಲ್ಲ ಕೊಂದಳು. ಒಬ್ಬೊಬ್ಬ ರಾಕ್ಷಸನ ರಕ್ತ ಒಂದೊಂದು ಬಣ್ಣ. ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿ. ದೇವಲ ತಾನು ತಂದ ನೂಲನ್ನು ಅದರಲ್ಲೇ ಅದ್ದಿ ತೆಗೆದ.

ಈ ಕಥೆ ಹಿಡಿದುಕೊಂಡು ‘ನಾವು ಋಷಿ ಮೂಲದವರು, ದೇವಾಂಗ ಬ್ರಾಹ್ಮಣರು’ ಎಂದು ವಾದಿಸುವ ಹಿರಿಯರು ನಮ್ಮಲ್ಲಿದ್ದಾರೆ. ಹಂಪಿಯ ಹೇಮಕೂಟದಲ್ಲಿ ನಮ್ಮ ಗಾಯತ್ರಿ ಪೀಠವೂ ಇದೆ. ಆದರೆ ಸರ್ಕಾರದ ಮೀಸಲಾತಿ ಪಟ್ಟಿಯಲ್ಲಿ ನಾವು ಹಿಂದುಳಿದ ವರ್ಗ 2ಎ. ನನಗೆ ಆ ವಾದದಲ್ಲಿ ಆಸಕ್ತಿ ಕಡಿಮೆ. ಕಥೆ ಕಟ್ಟಿದವನು ಯಾರೋ ನೇಕಾರನೇ ಇರಬೇಕು ಅನ್ನೋದು ನನ್ನ ಗುಮಾನಿ. ನೂಲು ಎಲ್ಲಿಂದ ತರೋದು, ತಂದದ್ದನ್ನು ದಾರಿಯಲ್ಲಿ ಕಳ್ಳಕಾಕರಿಂದ ಹೇಗೆ ಉಳಿಸಿಕೊಳ್ಳೋದು, ಒಳ್ಳೆ ಬಣ್ಣ ಎಲ್ಲಿ ಸಿಗುತ್ತೆ. ಇಡೀ ಪುರಾಣದ ಚಿಂತೆ ಇಷ್ಟೇ.

ಇನ್ನು ದಾಸಿಮಯ್ಯನವರು. ಅವರು 11ನೇ ಶತಮಾನದವರು, ಬಸವಣ್ಣನವರಿಗಿಂತ ಹಿಂದಿನವರು. ಊರು ಈಗಿನ ಯಾದಗಿರಿ ಜಿಲ್ಲೆಯ ಮುದನೂರು. ಅಂಕಿತ ‘ರಾಮನಾಥ’. ಹೆಂಡತಿ ದುಗ್ಗಳೆಯೂ ವಚನ ಬರೆದವರೇ. ದೇವರ ದಾಸಿಮಯ್ಯ ಮತ್ತು ಜೇಡರ (ಅಂದರೆ ನೇಕಾರ) ದಾಸಿಮಯ್ಯ ಒಬ್ಬರೇ, ಇಬ್ಬರೇ ಎಂದು ವಿದ್ವಾಂಸರು ಜೋರಾಗಿಯೇ ಜಗಳ ಆಡಿದ್ದಾರೆ. ನಮ್ಮ ಮನೆಗಳಲ್ಲಿ ಒಬ್ಬರೇ. ಅಷ್ಟೇ ಅಲ್ಲ, ನಮ್ಮವರು ಅವರನ್ನು ದೇವಲನ ಏಳು ಅವತಾರಗಳಲ್ಲಿ ಒಂದು ಅಂತಾರೆ. ಗೋತ್ರ, ಜನಿವಾರದ ಕಥೆಗೆ ಶರಣರನ್ನು ಹೀಗೆ ಹೊಂದಿಸಿಕೊಂಡರು. ಶಾಸ್ತ್ರ ಓದಿದವರು ಇದನ್ನು ಒಪ್ಪಲಿಕ್ಕಿಲ್ಲ. ನಮಗೇನೂ ತೊಂದರೆ ಆಗಿಲ್ಲ.

ದಾಸಿಮಯ್ಯನವರ ಬಗ್ಗೆ ನನಗೆ ಬಹಳ ಇಷ್ಟವಾದ ಕಥೆ ಒಂದಿದೆ. ಕಷ್ಟಪಟ್ಟು ನೇಯ್ದ ಬಟ್ಟೆಯನ್ನು ಮಾರಲು ಒಯ್ಯುವಾಗ ಮುದಿ ಜಂಗಮನೊಬ್ಬ ಬಂದು ಅದನ್ನು ಕೇಳುತ್ತಾನೆ. ಇವರು ಕೊಡುತ್ತಾರೆ. ಅವನು ಕಣ್ಣೆದುರೇ ಹರಿದು ಚೂರು ಮಾಡುತ್ತಾನೆ. ದಾಸಿಮಯ್ಯನವರು ಸಿಟ್ಟಾಗುವುದಿಲ್ಲ. ಜಂಗಮ ಶಿವನೇ ಆಗಿದ್ದು, ಎಂದೂ ಮುಗಿಯದ ತವನಿಧಿ ಕೊಟ್ಟು ಹೋಗುತ್ತಾನೆ. ಮಗ್ಗದಲ್ಲಿ ಕೂತವರಿಗೆ ಈ ಕಥೆಯ ತೂಕ ಬೇರೆ. ಹರಿದದ್ದು ಬರೀ ಬಟ್ಟೆಯಲ್ಲ, ಮನೆಮಂದಿಯೆಲ್ಲ ದುಡಿದ ದಿನಗಳು. ಹೆಂಗಸರು ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತಿ ಕೊಡದಿದ್ದರೆ ಅಡ್ಡ ನೂಲು ಹಾಯಿಸುವ ಲಾಳಿ ಓಡುವುದಿಲ್ಲ. ಆದರೆ ಮಜೂರಿ ಮಾತ್ರ ಮಗ್ಗದಲ್ಲಿ ಕೂತವನ ಹೆಸರಿಗೆ ಬರುತ್ತದೆ. ಇದು ನಮ್ಮ ಪುರಾಣದಲ್ಲೂ ಇಲ್ಲ, ಭಾಷಣಗಳಲ್ಲೂ ಇಲ್ಲ.

ಹಾಗಾದರೆ ಇಷ್ಟೊಂದು ಆಚಾರ ಒಟ್ಟಿಗೆ ಹೇಗೆ ಸೇರಿತು? ನೇಕಾರರು ಒಂದೇ ಕಡೆ ಕೂತವರಲ್ಲ. ಹಳೆಯ ಶಾಸನಗಳಲ್ಲಿ ಮಗ್ಗದೆರೆ ಎಂಬ, ಮಗ್ಗದ ಮೇಲಿನ ತೆರಿಗೆ ಸಿಗುತ್ತದೆ. ತೆರಿಗೆ ಜಾಸ್ತಿಯಾದರೆ ನೇಕಾರರು ಊರು ಬಿಡುತ್ತಿದ್ದರು. ರಾಜರು, ದೇವಸ್ಥಾನದವರು ರಿಯಾಯಿತಿ ಕೊಟ್ಟು ಮತ್ತೆ ಕರೆಸಿಕೊಳ್ಳುತ್ತಿದ್ದರು. ಹೊಲ ಇದ್ದವನಿಗೆ ಊರು ಬಿಡೋದು ಕಷ್ಟ. ಮಗ್ಗ ಬಿಚ್ಚಿ ಗಾಡಿಗೆ ಹಾಕಬಹುದು. ವಿಜಯನಗರದ ಕಾಲದಲ್ಲಿ ಹೀಗೆ ತಮಿಳು ಸೀಮೆಗೆ ಹೋದವರ ಮಕ್ಕಳು ಸೇಲಂ, ಕೊಯಮತ್ತೂರು, ಈರೋಡ್ ಕಡೆ ಈಗಲೂ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಅಕ್ಷರ ತಮಿಳು, ಹೆಸರಿನ ಹಿಂದೆ ಚೆಟ್ಟಿಯಾರ್, ಜಗಳ ಮಾತ್ರ ಕನ್ನಡದಲ್ಲಿ. ಅವರ ದೇವಿ ರಾಮಲಿಂಗ ಚೌಡೇಶ್ವರಿ. ಆಂಧ್ರದ ದೇವಾಂಗರದು ತೆಲುಗು. ಉತ್ತರ ಕರ್ನಾಟಕದವರಿಗೆ ಬಾದಾಮಿ ಬನಶಂಕರಿ ಕುಲದೇವತೆ. ಬನದ ಹುಣ್ಣಿಮೆಗೆ ಜಾತ್ರೆ. ಅದಕ್ಕೂ ಮೊದಲು ಪಲ್ಲೇದ ಹಬ್ಬದಲ್ಲಿ 108 ಬಗೆಯ ತರಕಾರಿ ನೈವೇದ್ಯ. ಹೋದ ಕಡೆಯ ಗುರು, ಹೋದ ಕಡೆಯ ದೇವರು. ಮಗ್ಗ ಒಂದೇ.

ಇನ್ನೊಂದು ಮಾತು. ನೇಕಾರ ಅಂದರೆ ದೇವಾಂಗ ಮಾತ್ರ ಅಲ್ಲ. ಬೇರೆ ನೇಕಾರ ಸಮುದಾಯಗಳೂ ಇವೆ, ಅವರವರ ಆರಾಧ್ಯರು ಬೇರೆ. ಪದ್ಮಸಾಲಿಗಳಿಗೆ ಮಾರ್ಕಂಡೇಯ, ಸ್ವಕುಳಸಾಳಿಗಳಿಗೆ ಜಿಹ್ವೇಶ್ವರ, ಕುರುಹಿನಶೆಟ್ಟರಿಗೆ ನೀಲಕಂಠೇಶ್ವರ. ಇಳಕಲ್‌ನಲ್ಲಿ ಇವರೆಲ್ಲರ ಮಗ್ಗಗಳೂ ಇವೆ. ಅಲ್ಲಿನ ಸಾಂಪ್ರದಾಯಿಕ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹಾಸುವ ನೂಲು, ಬೇರೆ ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಜೋಡಿಸಬೇಕು. ಅದೂ ಪ್ರತಿ ಸೀರೆಗೂ ಹೊಸದಾಗಿ. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಪವರ್‌ಲೂಮ್ ಸೀರೆಯಲ್ಲಿ ಇದೇ ಬಣ್ಣ, ಇದೇ ದಡಿ ಕಾಣಬಹುದು, ಕೊಂಡಿ ಕಾಣುವುದಿಲ್ಲ. ಅಂಗಡಿಯಲ್ಲಿ ಸೆರಗು ಮೈಗೆ ಸೇರುವ ಜಾಗವನ್ನು ತಿರುಗಿಸಿ ನೋಡಿ.

ಪವರ್‌ಲೂಮ್ ಬೈಯುವುದೂ ನನಗೆ ಪೂರ್ತಿ ಸರಿ ಅನ್ನಿಸುವುದಿಲ್ಲ. ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿಯಲ್ಲಿ ಅದನ್ನು ನಡೆಸುವವರಲ್ಲೂ ನಮ್ಮವರೇ ಬೇಕಾದಷ್ಟು ಜನ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಗ್ಗಿ ಕೂತ ಅಪ್ಪಂದಿರೇ ಮಕ್ಕಳಿಗೆ ‘ಇದು ಬೇಡಪ್ಪಾ, ಓದು’ ಅಂದದ್ದು. ಕರಕುಶಲ ಉಳಿಸಿ ಅಂತ ನಗರದಲ್ಲಿ ಕೂತು ಹೇಳುವವರು ಮೊದಲು ಮಜೂರಿ ಎಷ್ಟು ಅಂತ ಕೇಳಲಿ.

‘ಹಾಗಾದರೆ ಒಮ್ಮೆ ಮಗ್ಗ ನೋಡಬೇಕಲ್ಲ’ ಅನ್ನುವವರೂ ಇದ್ದಾರೆ. ಇಳಕಲ್‌ಗೆ ಹೋಗಿ, ಇಲ್ಲ ಕುಪ್ಪಸದ ಖಣ ನೇಯುವ ಗುಳೇದಗುಡ್ಡಕ್ಕೆ ಹೋಗಿ. ಓಣಿಯಲ್ಲಿ ಕೇಳಿದರೆ ಯಾರಾದರೂ ಒಳಗೆ ಕರೆದು ತೋರಿಸುತ್ತಾರೆ. ಅಮಾವಾಸ್ಯೆ ದಿನ ಮಾತ್ರ ಬೇಡ, ಅವತ್ತು ಮಗ್ಗಕ್ಕೆ ರಜೆ.